ಮಂಗಳದಲ್ಲಿ ಒಬ್ಬರು ಹೆಚ್ಚು

ಅವರು ಮಂಗಳ ಗ್ರಹಕ್ಕೆ ಇಳಿದದ್ದು ಬೆಳಿಗ್ಗೆ ಹತ್ತೂಕಾಲಿಗೆ, ಒಂದು ಮಿನಿ ಬಸ್ಸಿನಿಂದ. "ಬೇಗ ಇಳೀರಿ, ಇನ್ನೊಂದು ಟ್ರಿಪ್ ಇದೆ" ಎಂದು ಡ್ರೈವರು ಅವಸರ ಮಾಡಿದ್ದರಿಂದ ಮೊದಲ ಹೆಜ್ಜೆ ಯಾರದ್ದೆಂದು ಯಾರಿಗೂ ನೆನಪಿಲ್ಲ. ಮರಳುಗಾಡಿನ ನಡುವೆ ಒಂದು ಬಿಳಿ ಗುಮ್ಮಟ. ಅದಕ್ಕೆ ಒಂದರ ಹಿಂದೆ ಒಂದರಂತೆ ಎರಡು ಬಾಗಿಲು, ನಡುವೆ ಒಬ್ಬರು ನಿಲ್ಲುವಷ್ಟು ಗೂಡು. ಅದರೊಳಗೆ ನಲವತ್ತು ದಿನ ಇದ್ದು, ನಿಜವಾದ ಮಂಗಳದಲ್ಲಿ ಮನುಷ್ಯರು ಹೇಗೆ ಬಾಳಬಹುದು, ಅದರಲ್ಲೂ ಜಗಳವಾಡದೆ ಹೇಗೆ ಬಾಳಬಹುದು ಎಂದು ತೋರಿಸಿಕೊಡುವುದು ಅವರ ಕೆಲಸ.

ಅವರು ಮೂವರು. ಕ್ಯಾಪ್ಟನ್ ಎಂದರೆ ಇಪ್ಪತ್ತೆರಡು ವರ್ಷ ಭೂಗೋಳ ಪಾಠ ಮಾಡಿದ ಟೀಚರಮ್ಮ. ಡಾಕ್ಟರು ಎಂದರೆ ಹಲ್ಲಿನ ಡಾಕ್ಟರು. ಬೇರೆ ಡಾಕ್ಟರು ಯಾರೂ ಅರ್ಜಿ ಹಾಕಿರಲಿಲ್ಲ. ಮೂರನೆಯವನು ಪಂಪ್ ಮೆಕ್ಯಾನಿಕ್. ಐವತ್ತು ದಾಟಿದವನು, ಪೈಪು ಒಡೆದಾಗ ಮಾತ್ರ ಊರಿಗೆ ನೆನಪಾಗುತ್ತಿದ್ದವನು. ಅರ್ಜಿ ಹಾಕಿ ಹಾಕಿ ನಾಲ್ಕನೆಯ ಸಲಕ್ಕೆ ಆಯ್ಕೆಯಾಗಿದ್ದ. ಅವನ ಹೆಂಡತಿ ಇಡೀ ಬೀದಿಗೆ ಡಂಗುರ ಸಾರಿಬಿಟ್ಟಿದ್ದಳು. ಬೆಳಿಗ್ಗೆ ಮಂಗಳಕ್ಕೆ ಹೋದವನು ಸಂಜೆ ಮನೆಯ ಬಾಗಿಲು ತಟ್ಟಿದರೆ ಅವಳು ಆ ಬೀದಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಇನ್ನು ಭೂಮಿ. ಗುಮ್ಮಟದಿಂದ ಇನ್ನೂರು ಹೆಜ್ಜೆ ದೂರದ ತಗಡಿನ ಶೆಡ್ಡೇ ಭೂಮಿ. ಅದರೊಳಗೆ ವಾಕಿಟಾಕಿ, ಹಾಜರಿ ಪುಸ್ತಕ, ಒಬ್ಬ ಗುಮಾಸ್ತ. ಮೂವತ್ತೈದು ವರ್ಷ ಒಂದು ಕಾಲೇಜಿನಲ್ಲಿ ಹಾಜರಿ ಬರೆದು ನಿವೃತ್ತನಾದ ಈ ಮನುಷ್ಯನ ಕೈಯಲ್ಲಿ ಒಂದೇ ಒಂದು ಚಿತ್ತು ಆಗಿರಲಿಲ್ಲವಂತೆ. ಮಂಗಳದಿಂದ ಮಾತು ಭೂಮಿಗೆ ತಲುಪಲು ಹೊತ್ತು ಹಿಡಿಯುತ್ತದಲ್ಲ, ಅದಕ್ಕೆ ಆತ ಮೇಜಿನ ಮೇಲೆ ಐದು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡಿದ್ದ. ಏನು ಕೇಳಿದರೂ ಅದನ್ನು ತಿರುಗಿಸಿಟ್ಟು, ಗಲ್ಲಕ್ಕೆ ಕೈಕೊಟ್ಟು ಕೂತು, ಕೊನೆಯ ಕಾಳು ಬಿದ್ದ ಮೇಲೆಯೇ ಬಾಯಿ ಬಿಡುತ್ತಿದ್ದ. ಗುಮ್ಮಟದ ಕಿಟಕಿಯಿಂದ ಅದೆಲ್ಲ ಚೆನ್ನಾಗಿ ಕಾಣುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ನೀರಿನ ಪೈಪಿನಲ್ಲಿ ಗಾಳಿ ಹಿಡಿಯಿತು. ಮೆಕ್ಯಾನಿಕ್ ದಪ್ಪನೆಯ ಸೂಟು ತೊಟ್ಟು, ಹೆಲ್ಮೆಟ್ಟು ಬಿಗಿದು, ಗೂಡಿನಲ್ಲಿ ನಿಂತ. ಹೆಲ್ಮೆಟ್ಟಿನ ಫ್ಯಾನಿನ ಬ್ಯಾಟರಿ ಒಂದು ಗಂಟೆ ಬರುತ್ತದೆ. ಹೊರಗೆ ಹೆಲ್ಮೆಟ್ಟು ತೆಗೆದರೆ ಸತ್ತಂತೆ ಲೆಕ್ಕ, ಆಟ ಅಲ್ಲಿಗೇ ಮುಗಿದು ಎಲ್ಲರೂ ಸಂಜೆಯ ಬಸ್ಸಿಗೆ ಊರಿಗೆ. ಇದು ಅವನಿಗೆ ಬಾಯಿಪಾಠವಾಗಿತ್ತು. ಹೊರಡುವವರು ವಾಕಿಟಾಕಿಯಲ್ಲಿ ಹೇಳಿ ಹೊರಡಬೇಕು ಎಂಬುದೂ ನೆನಪಿತ್ತು. ಹುಟ್ಟಿದಾಗಿನಿಂದ ಹೊಸಿಲು ದಾಟುವಾಗ ಹೇಗೆ ಹೇಳಿದ್ದನೋ ಹಾಗೇ ಹೇಳಿದ.

"ಬರ್ತೀನಿ."

ಭೂಮಿ ಬರೆದುಕೊಂಡಿತು: ಒಬ್ಬರು ಬಂದರು. ಒಳಗೆ ನಾಲ್ವರು.

ಪೈಪು ಹತ್ತೇ ನಿಮಿಷದಲ್ಲಿ ಸರಿಹೋಯಿತು. ಅವನು ವಾಪಸ್ಸು ಬಂದು ಬಾಗಿಲು ತಟ್ಟುವ ಹೊತ್ತಿಗೆ ಒಳಗೆ ಕ್ಯಾಪ್ಟನ್ನೂ ಡಾಕ್ಟರೂ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದರು. ಒಳಗೆ ಒಬ್ಬರು ಹೆಚ್ಚಾಗಿದ್ದಾರೆ, ಹುಡುಕಿ ಎಂದು ಭೂಮಿಯಿಂದ ಅಪ್ಪಣೆಯಾಗಿತ್ತು.

"ನಾನು ಮೇಡಂ, ಬಾಗಿಲು ತೆಗೀರಿ" ಎಂದ ಮೆಕ್ಯಾನಿಕ್.

"ತೆಗೆಯೋಕೆ ಭೂಮಿ ಬಿಡ್ತಿಲ್ಲ ಕಣ್ರೀ. ನೀವು ಒಳಗೇ ಇದ್ದೀರಂತೆ" ಎಂದರು ಕ್ಯಾಪ್ಟನ್.

ಅವನು ದಡಬಡನೆ ಶೆಡ್ಡಿನ ಕಿಟಕಿಗೆ ಹೋಗಿ ಎರಡೂ ಕೈ ಆಡಿಸಿದ. "ಸಾರ್, ಕಣ್ಣೆದುರೇ ನಿಂತಿದ್ದೀನಲ್ಲ!" ಗುಮಾಸ್ತ ಗಡಿಯಾರ ತಿರುಗಿಸಿದ. ಐದು ನಿಮಿಷ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಕೊನೆಗೆ ಗುಮಾಸ್ತ ಹೇಳಿದ: "ಭೂಮಿಯಿಂದ ನೋಡಿದ್ರೆ ಮಂಗಳ ಒಂದು ಚುಕ್ಕಿ ಅಷ್ಟೇ. ನನಗೆ ಯಾರೂ ಕಾಣ್ತಿಲ್ಲ."

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ತಾನೇ ಸಾರ್? ನಿಮ್ಮನೇಲಿ ನೀವೇನಂತೀರಿ?"

ಮತ್ತೆ ಐದು ನಿಮಿಷ. "ಮನೇಲಿ ನಾನೂ ಹಾಗೇ ಅಂತೀನಿ. ಆದ್ರೆ ಮನೇಲಿ ಹಾಜರಿ ಬರೆಯಲ್ಲ. ಕಿವಿಗೆ ಬಿದ್ದಿದ್ದನ್ನ ಬರೀಬೇಕು, ಅರ್ಥ ಮಾಡ್ಕೋಬಾರದು, ಅದೇ ನಿಯಮ. ಬರೆದಿದ್ದನ್ನ ಹೊಡೆದು ಹಾಕೋ ಹಾಗಿಲ್ಲ. ಒಳಗೆ ಗಾಳಿ ಮೂವರಿಗೆ ಮಾತ್ರ. ನಾಲ್ಕೂವರೆ ಒಳಗೆ ಲೆಕ್ಕ ಸರಿಹೋಗದಿದ್ರೆ ಬಸ್ಸಿಗೆ ಫೋನ್ ಮಾಡ್ತೀನಿ." ಆಮೇಲೆ, ಪಾಪ, ಆತನಿಗೂ ಮನಸ್ಸು ಕರಗಿರಬೇಕು. "ಒಂದ್ಸಲ ಹೋಗ್ತೀನಿ ಅಂದುಬಿಡಿ ಸಾಕು. ಒಬ್ಬರು ಹೋದರು ಅಂತ ಬರ್ಕೋತೀನಿ. ನೀವು ಸುಮ್ಮನೆ ಒಳಗೆ ಹೋಗಿಬಿಡಿ."

ಒಂದೇ ಒಂದು ಮಾತು. ಮೆಕ್ಯಾನಿಕ್ ಬಾಯಿ ತೆರೆದ, ಮಾತು ಹೊರಡಲಿಲ್ಲ.

ಅವನಿಗೆ ಆರು ವರ್ಷವಿದ್ದಾಗ, ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅಪ್ಪ ಒಂದು ಬೆಳಿಗ್ಗೆ ಅಮ್ಮನ ಮೇಲೆ ಸಿಡಿಮಿಡಿಗೊಂಡು "ಹೋಗ್ತೀನಿ" ಎಂದು ಹೊರಟಿದ್ದ. ಅಮ್ಮ ಬಾಗಿಲವರೆಗೆ ಓಡಿ, "ಬರ್ತೀನಿ ಅನ್ನಿ" ಎಂದು ಕೂಗಿದ್ದಳು. ಅಪ್ಪ ತಿರುಗಲಿಲ್ಲ, ಸಂಜೆ ಬರಲೂ ಇಲ್ಲ. ಬಾಯ್ಲರ್ ಯಾಕೆ ಸಿಡಿಯುತ್ತದೆ ಎಂಬುದು ಮೆಕ್ಯಾನಿಕ್‌ಗೆ ಚೆನ್ನಾಗಿ ಗೊತ್ತು. ವಾಲ್ವು ಕಚ್ಚಿಕೊಂಡರೆ ಸಿಡಿಯುತ್ತದೆ, ಮಾತಿಗಲ್ಲ. ಗೊತ್ತಿದ್ದೂ ನಲವತ್ತೈದು ವರ್ಷದಿಂದ ಅವನು ಆ ಮಾತನ್ನು ಬಾಯಿಗೆ ತಂದಿರಲಿಲ್ಲ. ಈಗ ಇಷ್ಟು ವಯಸ್ಸಾದ ಮೇಲೆ, ಹೆಲ್ಮೆಟ್ಟಿನೊಳಗೆ ಬೆವರುತ್ತ ನಿಂತು, ಅವನಿಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲೂ ಆಗದೆ ಗುಮ್ಮಟಕ್ಕೆ ಹಿಂದಿರುಗಿದ.

"ನನ್ನ ಕೈಲಿ ಆಗಲ್ಲ ಮೇಡಂ" ಎಂದು ವಾಕಿಟಾಕಿಯಲ್ಲಿ ಎಲ್ಲವನ್ನೂ ಹೇಳಿದ. ಫ್ಯಾನು ಆಗಲೇ ಗೊರಗುಟ್ಟತೊಡಗಿತ್ತು.

ಒಳಗೆ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದರು: "ಭೂಮಿಗೆ ತಿಳಿಸೋದೇನಂದ್ರೆ, ಹೆಚ್ಚಾಗಿದ್ದವರು ಸಿಕ್ಕಿದ್ದಾರೆ. ಅಡುಗೆ ಕಪಾಟಿನ ಹಿಂದೆ ಇದ್ರು. ಈಗಲೇ ಕಳಿಸಿಕೊಡ್ತಿದ್ದೀವಿ."

ಮರಳು ಇಳಿಯಿತು. "ಹೋಗೋರು ತಮ್ಮ ಬಾಯಿಂದಲೇ ಹೇಳ್ಬೇಕು" ಎಂದಿತು ಭೂಮಿ.

ಈ ಕೆಲಸಕ್ಕೆ ಡಾಕ್ಟರೇ ಆಗಬೇಕಾಯಿತು. ಅವರು ವಾಕಿಟಾಕಿಯನ್ನು ತುಟಿಗೆ ಒತ್ತಿ, ತನ್ನದಲ್ಲದ ಗಡಸು ದನಿಯಲ್ಲಿ, "ಹೋಗ್ತೀನಿ" ಎಂದರು. ಒಳಬಾಗಿಲು ತೆರೆದು ಮುಚ್ಚಿತು. ಹೊರಬಾಗಿಲು ತೆರೆಯಿತು. ಗೂಡಿನಲ್ಲಿ ಯಾರೂ ಇರಲಿಲ್ಲ.

ಮೆಕ್ಯಾನಿಕ್ ಕೂಡಲೇ ನುಗ್ಗಬಹುದಿತ್ತು. ಫ್ಯಾನು ನಿಂತೇಹೋಗಿತ್ತು, ಗಾಜಿನ ತುಂಬ ಅವನದೇ ಉಸಿರು. ಆದರೆ ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಹೊರಟವರಿಗೆ ದಾರಿ ಬಿಡಬೇಕಲ್ಲ. ಯಾರೋ ಸೆಟೆದುಕೊಂಡು ಅವನನ್ನು ದಾಟಿ ಮರಳಿಗೆ ಇಳಿದ ಹಾಗಾಯಿತು. ಅವನ ಬಾಯಿ ತಾನಾಗಿಯೇ ಹೇಳಿತು:

"ಹಾಗೆ ಹೋಗ್ಬೇಡ. ಬರ್ತೀನಿ ಅನ್ನು. ಅಪ್ಪಾ... ಬರ್ತೀನಿ ಅನ್ನಪ್ಪಾ."

ವಾಕಿಟಾಕಿಯ ಗುಂಡಿಯ ಮೇಲೆ ಅವನ ಬೆರಳು ಒತ್ತಿಕೊಂಡೇ ಇತ್ತು.

ಒಳಗೆ ಬಂದು ಹೆಲ್ಮೆಟ್ಟು ತೆಗೆದು, ಕ್ಯಾಪ್ಟನ್ ಕೊಟ್ಟ ನೀರನ್ನು ಗಟಗಟ ಕುಡಿದು ಮುಗಿಸುವಷ್ಟರಲ್ಲಿ ಐದು ನಿಮಿಷ ಆಗಿತ್ತು.

"ಒಬ್ಬರು ಹೋದರು, ಮೂವರು. ಸರಿ. ಆಮೇಲೆ ಬರ್ತೀನಿ ಅಂತ ಎರಡು ಸಲ ಕೇಳಿಸ್ತು, ಒಂದೇ ದನಿ ಆದ್ದರಿಂದ ಒಂದೇ ಸಲ ಬರ್ಕೊಂಡಿದ್ದೀನಿ. ಹೋದವರು ವಾಪಸ್ ಬಂದಿದ್ದಾರೆ. ಒಳಗೆ ನಾಲ್ವರು" ಎಂದಿತು ಭೂಮಿ. "ಗಾಳಿ ಮೂವರಿಗೆ. ಏನ್ ಮಾಡ್ತೀರಿ? ಇನ್ನೊಂದ್ಸಲ ಕಳಿಸ್ತೀರಾ?"

"ಅಯ್ಯೋ ನಿಮ್ಮ ಮನೆ ಕಾಯ್ವಾಗ!" ಎಂದು ಡಾಕ್ಟರು ತಲೆ ಹಿಡಿದುಕೊಂಡರು. ಕ್ಯಾಪ್ಟನ್ ನಾಲ್ಕೂ ಇಪ್ಪತ್ತು ತೋರಿಸುತ್ತಿದ್ದ ಗಡಿಯಾರವನ್ನು ನೋಡಿ ವಾಕಿಟಾಕಿಗೆ ಕೈ ಚಾಚಿದರು. ಮೆಕ್ಯಾನಿಕ್ ಅದನ್ನು ಎದೆಗೆ ಅವುಚಿಕೊಂಡ.

"ಕಳಿಸಲ್ಲ ಸಾರ್" ಎಂದ. "ಅವರು ಇಲ್ಲೇ ಇರ್ತಾರೆ. ಅವರ ಪಾಲಿಗೆ ನಾನು ಸ್ವಲ್ಪ ಕಮ್ಮಿ ಉಸಿರಾಡ್ತೀನಿ."

ಮೂವರೂ ಕಿಟಕಿಗೆ ಅಂಟಿಕೊಂಡರು. ಅಲ್ಲಿ ಗುಮಾಸ್ತ ಮರಳು ಗಡಿಯಾರ ತಿರುಗಿಸುವುದನ್ನು ಮರೆತು, ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಮಗುಚಿದ, ಮತ್ತೊಮ್ಮೆ ಮಗುಚಿದ. ಆಮೇಲೆ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಪೆನ್ನು ಎತ್ತಿಕೊಂಡ.

"ಎಷ್ಟು ಕಮ್ಮಿ ಅಂತ ಬರ್ಕೊಳ್ಳಲಿ?" ಎಂದು ಕೇಳಿದ.