ನಾಲ್ಕನೆಯ ಕರೆ

"ನಾನಿದೀನಿ" ಎಂದು ಯಾರೋ ಅಂದದ್ದು ಪೆಲಾಯನಿಗೆ ಕೇಳಿಸಿತು. ಕೇಳಿಸಿದರೂ ಕೇಳಿಸದವನಂತೆ ಅವನು ಎರಡನೆಯ ಕರೆಗೆ ಬಾಯಿ ತೆರೆದಿದ್ದ.

"ಅಯ್ನೋರೇ, ನಾನಿದೀನಿ ಅಂದೆ."

ಊರಬಾಗಿಲ ಒಳಬಯಲಲ್ಲಿ ಈಟಿ ಹಿಡಿದು ನಿಂತವರೆಲ್ಲ ತಿರುಗಿ ನೋಡಿದರು. ಎಣ್ಣೆ ವ್ಯಾಪಾರಿ ಗೇರಾ. ಮುತ್ತಿಗೆ ಬಿದ್ದ ಮೇಲೂ ಹೊಟ್ಟೆ ಕರಗದ ಗಂಡಸು ಇವನೊಬ್ಬನೇ ಎಂದು ಊರು ಆಡಿಕೊಳ್ಳುತ್ತಿದ್ದ ಗೇರಾ. ಕೈಯೆತ್ತಿ ನಿಂತಿದ್ದ, ಸಂತೆಯಲ್ಲಿ ಬೆಲೆ ಕೂಗುವವನ ಹಾಗೆ.

ಪೆಲಾಯ ಕಲ್ಲುಕಟ್ಟೆಯ ಮೇಲಿದ್ದ. ಯುದ್ಧದ ಬೆಳಿಗ್ಗೆ ಪುರೋಹಿತ ಕುಲದ ಲೇವಿಯನೊಬ್ಬ ಜನರೆದುರು ನಿಂತು ನಾಲ್ಕು ಕರೆ ಕೂಗಬೇಕೆನ್ನುವುದು ಹಿರಿಯರಿಂದ ಬಂದ ಕಟ್ಟಳೆ. ಹೊಸ ಮನೆ ಕಟ್ಟಿಸಿ ಇನ್ನೂ ಒಲೆ ಹೊತ್ತಿಸದವನು ಮನೆಗೆ ಹೋಗಲಿ. ದ್ರಾಕ್ಷಿ ನೆಟ್ಟು ಹಣ್ಣು ಬಾಯಿಗಿಡದವನು ಮನೆಗೆ ಹೋಗಲಿ. ಹೆಣ್ಣು ಗೊತ್ತುಮಾಡಿಕೊಂಡು ಕೈಹಿಡಿಯದವನು ಮನೆಗೆ ಹೋಗಲಿ. ಹೆದರಿದವನು ಮನೆಗೆ ಹೋಗಲಿ. ಪ್ರತಿ ಕರೆಯ ನಂತರ ಒಂದು ಉಸಿರಿನಷ್ಟು ಬಿಡುವು. ಮುತ್ತಿಗೆಯಲ್ಲಿ ಎಲ್ಲ ಬೆಳಗೂ ಯುದ್ಧದ ಬೆಳಗೇ ಆದ್ದರಿಂದ ಪೆಲಾಯ ದಿನವೂ ಕೂಗುತ್ತಿದ್ದ. ಇದುವರೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಹೋಗುವುದಾದರೂ ಎಲ್ಲಿಗೆ? ಎಲ್ಲರ ಮನೆಗಳೂ ಗೋಡೆಯ ಒಳಗೇ ಇದ್ದವು.

ಉತ್ತರ ಬರಬಾರದೆಂದೇ ಆ ಬಿಡುವು ಇರುವುದು ಎಂದು ಅವನು ಅಂದುಕೊಂಡಿದ್ದ.

"ನನ್ನ ಮನೆ ಹೊರಗಿದೆ. ಎಣ್ಣೆಮರದ ದಿಣ್ಣೆ ಮೇಲೆ," ಎಂದ ಗೇರಾ. "ಕಟ್ಟಿಸಿ ಮುಗಿಸಿದ್ದೇ ತಡ, ಇವರು ಬಂದು ಕೂತ್ರು. ಒಲೆ ಹಚ್ಚಿಲ್ಲ. ನೀವು ಹೋಗು ಅಂತಿದೀರಿ, ನಾನು ಹೋಗ್ತೀನಿ."

ಜನ ನಕ್ಕರು. ಆ ಮನೆ ಎಲ್ಲರಿಗೂ ಗೊತ್ತು. ಗೋಡೆಯ ಮೇಲಿಂದ ಕಾಣುತ್ತದೆ. ಮಾಳಿಗೆಯ ಸುತ್ತ ಎದೆಯೆತ್ತರದ ಕಲ್ಲಿನ ಕಟ್ಟು. ಅದರ ಮೇಲೆ ಈಗ ಮುತ್ತಿಗೆ ಹಾಕಿದ ಎಫ್ರಾಯೀಮ್ ಕುಲದವರ ನಿಲುವಂಗಿಗಳು ಒಣಗುತ್ತಿರುತ್ತವೆ.

ದಳಪತಿ ಅಷ್ಬೇಲ್ ಮುಂದೆ ಬಂದ. ಅವನಿಗೆ ನಿದ್ದೆಯಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ನಿನ್ನ ಮನೇಲಿ ದಿನಾ ಹೊಗೆ ಏಳುತ್ತಲ್ಲೋ, ನೋಡಿಲ್ವಾ?"

"ನೋಡಿದೀನಿ ಯಜಮಾನ್ರೇ. ಹೊಟ್ಟೆ ಉರೀತದೆ."

"ಅಂದ್ಮೇಲೆ ಒಲೆ ಹಚ್ಚಿ ಆಯ್ತು. ನೀನು ಸತ್ರೆ ಇನ್ನೊಬ್ಬ ಬಂದು ಒಲೆ ಹಚ್ಚಿಯಾನು ಅಂತ ಈ ಕರೆ. ಇನ್ನೊಬ್ಬ ಆಗಲೇ ಹಚ್ಚಿದಾನೆ. ನಿನಗಿದು ಸಲ್ಲೋದಿಲ್ಲ. ಏನಂತೀರಿ ಅಯ್ನೋರೇ?"

ಪೆಲಾಯ ಅದನ್ನು ತೂಗಿ ನೋಡಿದ. ವಾದ ಚೆನ್ನಾಗಿತ್ತು. ದೇವಸ್ಥಾನದ ಊರು ಶಿಲೋವಿನಲ್ಲಿ ಪಾಠ ಕಲಿಯುವಾಗ ಇಂಥ ವಾದಕ್ಕೆ ಗುರುಗಳು ತಲೆದೂಗುತ್ತಿದ್ದರು.

"ಹಾಗಾದ್ರೆ ಅದು ಬೇಡ," ಎಂದ ಗೇರಾ. ಸುತ್ತ ನೋಡಿದ. ನಗು ತನ್ನ ಕಡೆಗಿದೆಯೆಂದು ಅವನಿಗೆ ಗೊತ್ತಿತ್ತು. "ಕೊನೇ ಕರೆಗೆ ಬರ್ತೀನಿ. ನನಗೆ ಹೆದರಿಕೆ."

ನಗು ನಿಂತಿತು.

ಎಷ್ಟು ಸಣ್ಣ ಮಾತು ಅದು ಎಂದು ಪೆಲಾಯ ಯೋಚಿಸಿದ. ಗೇರಾನಂಥವನ ಬಾಯಲ್ಲೂ ಹಿಡಿಸುತ್ತದೆ. ತನ್ನ ಅಂಗಾಲು ತಣ್ಣಗಾದುದನ್ನು ಅವನು ಗಮನಿಸಿದ. ಕಟ್ಟೆಯ ಕಲ್ಲಿಗೆ ಆಗಲೇ ಬಿಸಿಲು ಬಿದ್ದಿತ್ತು.

"ಸಂಜೆ ಹೇಳ್ತೀನಿ," ಎಂದು ಇಳಿದುಬಿಟ್ಟ. ಉಳಿದ ಮೂರು ಕರೆಗಳನ್ನು ಕೂಗದೆ ಬಂದೆನೆನ್ನುವುದು ಬೀದಿಯ ತಿರುವಿನಲ್ಲಿ ನೆನಪಾಯಿತು. ಹಿಂದಿರುಗಲಿಲ್ಲ.

*

ತಂದೆ ಅವನಿಗೆ ಪಾಠ ಹೇಳಿಕೊಟ್ಟದ್ದು ಕತ್ತಲೆಯಲ್ಲಿ. ದೀಪವಿದ್ದರೆ ಕಣ್ಣು ಅಲೆಯುತ್ತದೆ, ಕಿವಿ ಮಂದವಾಗುತ್ತದೆ ಎನ್ನುತ್ತಿದ್ದರು. ಕತ್ತಲೆಯಲ್ಲಿ ತಂದೆಯ ದನಿ ಬರುತ್ತಿತ್ತು, ಆ ದನಿಯ ಹಿಂದೆಯೇ ತನ್ನದು. ಎರಡರ ನಡುವೆ ಅಂತರ ಕಾಣದಾದ ದಿನ ತಂದೆ ಸುಮ್ಮನಾದರು. ಪದಗಳ ಬೆನ್ನಲ್ಲೇ ದೇವರು ನಿಂತಿದ್ದಾನೆಂದು ಹುಡುಗನಿಗೆ ಅನ್ನಿಸಿತ್ತು; ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಈಗ ಕೈ ಚಾಚಿದರೆ ಪದಗಳೇ ಸಿಗುತ್ತವೆ. ಒಂದರ ಹಿಂದೆ ಇನ್ನೊಂದು. ನುಣುಪಾಗಿ.

ಎರಡು ಕುಲಗಳ ಜಗಳ ಯಾತಕ್ಕೆ ಹುಟ್ಟಿತೆನ್ನುವುದಕ್ಕೆ ಬೆನ್ಯಾಮೀನ್ ಕುಲದವರ ಈ ಊರಲ್ಲಿ ಬೇರೆ ಬೇರೆ ಕಥೆಗಳಿದ್ದವು. ಗಡಿಯ ಬಾವಿ ಅನ್ನುವವರಿದ್ದರು, ಓಡಿಹೋದ ಹೆಣ್ಣು ಅನ್ನುವವರಿದ್ದರು. ಹೊರಗಿರುವವರೂ ಅದೇ ಮೂಲಪುರುಷ ಯಾಕೋಬನ ಮಕ್ಕಳೇ. ಊರಿನ ಸುತ್ತ ಒಂದು ಅಂಜೂರದ ಮರವನ್ನೂ ಅವರು ಕಡಿದಿರಲಿಲ್ಲ. ಹಣ್ಣಿನ ಮರಕ್ಕೆ ಕೊಡಲಿ ಹಾಕಬಾರದೆನ್ನುವುದು ಅವರಿಗೂ ಪಾಠ. ಏಣಿಗೆ ಬೇಕಾದ ಮರವನ್ನು ದೂರದ ಕಾಡಿನಿಂದ ಶ್ರದ್ಧೆಯಿಂದ ಹೊತ್ತು ತರುತ್ತಿದ್ದರು. ಸಂಜೆಯ ಗಾಳಿ ಆ ಕಡೆಯಿಂದ ಬೀಸಿದಾಗ ಅವರ ಲೇವಿಯ ಪ್ರಾರ್ಥನೆ ಗೋಡೆ ದಾಟಿ ಬರುತ್ತಿತ್ತು. ಮೊದಲ ಸಲ ಕೇಳಿದಾಗಲೇ ಪೆಲಾಯ ಗುರುತು ಹಿಡಿದಿದ್ದ. ಲಿಬ್ನಿ. ಶಿಲೋವಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವನು. ಈ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ತನ್ನನ್ನೂ ಕೇಳಿಕೊಂಡಿರಲಿಲ್ಲ.

ಮನೆಯಲ್ಲಿ ಹೆಂಡತಿ ಹೊಗ್ಲಾ ಜವೆಗೋಧಿ ಬೀಸುತ್ತಿದ್ದಳು. ಕಾಳಿಗಿಂತ ಒಣ ಸಿಪ್ಪೆಯೇ ಹೆಚ್ಚು ಇದ್ದುದರಿಂದ ಬೀಸುಕಲ್ಲು ಕೀರಲು ದನಿ ಮಾಡುತ್ತಿತ್ತು. ಅವಳು ತಲೆಯೆತ್ತಲಿಲ್ಲ.

"ಗೇರಾ ಎದ್ದು ನಿಂತನಂತೆ?"

"ಆಗಲೇ ಇಲ್ಲಿಗೆ ಬಂತಾ ಸುದ್ದಿ?"

"ನೀರಿನ ತೊಟ್ಟಿ ಹತ್ತಿರ ಇನ್ನೇನು ಮಾತು. ನೀರಂತೂ ಇಲ್ಲ."

ಅವನು ಗೋಡೆಗೊರಗಿ ಕೂತ. ಹೊಸ್ತಿಲಲ್ಲಿ ಅಷ್ಬೇಲನ ನೆರಳು ಬಿತ್ತು. ದಳಪತಿ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ಅಲ್ಲೇ ನಿಂತ.

"ಅಯ್ನೋರೇ, ಹೊರಗೆ ಏಣಿ ಕಟ್ಟಿ ಮುಗೀತಾ ಬಂತು. ಇವತ್ತೋ ನಾಳೆಯೋ. ನಸುಕಲ್ಲೇ ಹತ್ತೋರು ಅವರು, ಹಿಂದಿನ ಸಂಜೆನೇ ಕರೆ; ಅವರ ಲೇವಿ ಕೂಗಿದ ಅಂದ್ರೆ ಮಾರನೇ ಬೆಳಿಗ್ಗೆ ಏಣಿ ಗೋಡೆಗೆ ಬಿತ್ತು ಅಂತಲೇ ಲೆಕ್ಕ."

"ಗೊತ್ತು."

"ಆ ಹೊತ್ತಲ್ಲಿ ನನ್ನ ಹುಡುಗರು ಒಬ್ಬೊಬ್ಬನೇ ಎದ್ದು ನನಗೂ ಹೆದರಿಕೆ ಅಂದ್ರೆ ನಾನು ಯಾರನ್ನ ಗೋಡೆ ಮೇಲೆ ನಿಲ್ಲಿಸ್ಲಿ? ನಾಳೆಯಿಂದ ಮೂರು ಕರೆ ಸಾಕು. ನಾಲ್ಕನೇದು ಬೇಡ."

"ಅದು ಪಾಠ."

"ಪಾಠವೇ. ಮುತ್ತಿಗೆ ಮುಗಿದ ಮೇಲೆ ಸೇರಿಸ್ಕೊಳ್ಳಿ. ಎಲ್ಲಿ ಓಡಿಹೋಗುತ್ತೆ?" ಅಷ್ಬೇಲ್ ಹೊಗ್ಲಾಳ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

ಅವನು ಹೋದ ಮೇಲೆ ಬೀಸುಕಲ್ಲು ಸ್ವಲ್ಪ ಹೊತ್ತು ತಿರುಗಿ ನಿಂತಿತು.

"ನಾಲ್ಕನೇದನ್ನ ನೀವು ಹೇಗಿದ್ರೂ ನುಂಗೇಬಿಡ್ತೀರಲ್ಲ," ಎಂದಳು ಹೊಗ್ಲಾ. "ಬಿಟ್ರೂ ಗೊತ್ತಾಗಲ್ಲ."

"ಏನಂದೆ?"

"ಮೂರು ಕರೆ ನಿಧಾನ. ನಾಲ್ಕನೇದು ಬಂದಾಗ ದನಿ ಓಟ ಕೀಳುತ್ತೆ. ನಿಮಗೆ ಗೊತ್ತಿಲ್ವಾ? ಪಕ್ಕದ್ಮನೆ ಮಿಲ್ಕಾ ತೊಟ್ಟಿ ಹತ್ತಿರ ಹಾಡಿ ತೋರಿಸ್ತಾಳೆ. ನಾಯಿ ಅಟ್ಟಿಸ್ಕೊಂಡು ಬಂದವನ ಹಾಗೆ."

"ನೀನು ನಕ್ಕೆಯಾ?"

"ನಕ್ಕೆ. ಮನೇಲಿ ನಗೋದಕ್ಕೆ ಏನಿದೆ?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಗೋಡೆಯ ಒಳಗೆ ತನ್ನದೇ ಆದ ಇನ್ನೊಂದು ಗೋಡೆ ಇದೆಯೆಂದು ಅವನು ನಂಬಿದ್ದ. ಅದರ ಬಾಗಿಲು ಮೊದಲ ದಿನದಿಂದಲೂ ತೆರೆದೇ ಇತ್ತು. ತೊಟ್ಟಿಯ ಹೆಂಗಸರು ಕೊಡ ಹೊತ್ತು ಅದರೊಳಗೆ ಓಡಾಡಿಕೊಂಡಿದ್ದರು.

"ನಿಮಗೆ ಹೆದರಿಕೆಯಾ?" ಎಂದಳು ಅವಳು, ಈಗ ದನಿ ತಗ್ಗಿಸಿ. ಕೇಳುವುದಕ್ಕೆ ಬಹಳ ದಿನದಿಂದ ಕಾದಿದ್ದವಳ ಹಾಗೆ.

"ಹಿಟ್ಟು ಎಷ್ಟಿದೆ?" ಎಂದ ಪೆಲಾಯ.

ಅವಳು ಅವನನ್ನೇ ನೋಡಿದಳು. ಆಮೇಲೆ ಕಲ್ಲಿನ ಹಿಡಿ ಹಿಡಿದುಕೊಂಡಳು.

*

ಬಿಸಿಲು ಇಳಿಯುವಾಗ ಅವನು ಗೋಡೆಯ ಮೇಲೆ ಹತ್ತಿದ. ಅಲ್ಲಿ ಅಷ್ಬೇಲ್ ಇದ್ದ, ಕಾವಲಿನವರಿದ್ದರು, ಗೇರಾ ಇದ್ದ. ಗೇರಾ ಮನೆಯ ಕಡೆ ಮುಖ ಮಾಡಿ ಕೂತು ಕಾವಲಿನವರಿಗೆ ಕಲ್ಲುಕೆಲಸದ ವಿವರ ಹೇಳುತ್ತಿದ್ದ.

"ನೋಡು, ಕೆಳಗಿನ ಕೋಣೇಲಿ ಹೇಸರಗತ್ತೆ ಕಟ್ಟಿದಾರೆ. ನೆಲಕ್ಕೆ ಸುಣ್ಣ ಬಡಿಸಿದ್ದೆ ಮಾರಾಯಾ, ಸುಣ್ಣ!"

"ಬಿಡಣ್ಣ, ಹೇಸರಗತ್ತೆಗೂ ಒಂದು ಯೋಗ," ಎಂದ ಕಾವಲಿನವನು.

ಅಷ್ಬೇಲ್ ಪೆಲಾಯನ ಕಡೆ ತಿರುಗಿದ. "ಹೇಳಿ ಅಯ್ನೋರೇ. ಇಲ್ಲ ಅಂದ್ಬಿಡಿ, ಮುಗೀತು."

ಇಲ್ಲ ಅನ್ನುವುದು ಸುಲಭವಾಗಿತ್ತು. ಮನೆ ಶತ್ರುವಿನ ಕೈಯಲ್ಲಿದೆ, ಆದ್ದರಿಂದ ಅದು ಮನೆಯಲ್ಲ; ಮನೆಯಿಲ್ಲದವನು ಮನೆಗೆ ಮರಳಲಾರ. ವಾದ ಅವನ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಬಿಡಿ ಅವನನ್ನ," ಎಂದ. "ಕರೆದವರು ನಾವು."

ಹೇಳಿದ ಮೇಲೆ ಅದು ಧರ್ಮದಂತೆ ಕೇಳಿಸಿತು. ಕಾವಲಿನ ಮುದುಕನೊಬ್ಬ ತಲೆ ಬಾಗಿಸಿದ. ತಾನು ಹೇಳಿದ್ದು ಧರ್ಮಕ್ಕಲ್ಲವೆಂದು ಪೆಲಾಯನಿಗೆ ಗೊತ್ತಿತ್ತು. ಆಳ ತಿಳಿಯದ ಬಾವಿಯೊಳಕ್ಕೆ ಮೊದಲು ಕಲ್ಲು ಹಾಕಿ ಕಿವಿಗೊಡುವವನಂತೆ, ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದವನಿಗೆ ಮುಂದೆ ಏನಾಗುತ್ತದೆಂದು ಅವನಿಗೆ ನೋಡಬೇಕಾಗಿತ್ತು. ಅಷ್ಟೇ.

ಅಷ್ಬೇಲ್ ಗೋಡೆಯಂಚಿನ ಬುಟ್ಟಿಯ ಕಡೆ ಕೈ ತೋರಿಸಿದ. "ಬಾಗಿಲು ತೆಗೆಯೋದಿಲ್ಲ. ಕಲ್ಲೆತ್ತೋ ಬುಟ್ಟೀಲಿ ಇಳಿಸ್ತೀನಿ. ಆಮೇಲಿಂದು ನಿಮ್ಮ ತಲೆ ಮೇಲೆ."

ಗೇರಾ ಎದ್ದುನಿಂತಿದ್ದ. ಮುಖದ ನಗು ಇನ್ನೂ ಅಲ್ಲೇ ಇತ್ತು, ತೆಗೆಯಲು ಮರೆತ ಹಾಗೆ. ಪೆಲಾಯನ ಹತ್ತಿರ ಬಂದು ದನಿ ತಗ್ಗಿಸಿದ.

"ನಿಜವಾಗ್ಲೂ ಹೇಳಿದ್ರಾ ಅಯ್ನೋರೇ?"

"ನೀನೇ ಕೇಳಿದ್ದಲ್ಲ."

"ಕೇಳಿದ್ದೇನೋ ಹೌದು. ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ." ಅವನ ಬಾಯಿಂದ ಒಣಗಿದ ಅಂಜೂರದ ವಾಸನೆ ಬಂತು. "ಬೇಡ ಅಂದಿದ್ರೆ ನಾಳೆಯಿಂದ ಎಲ್ರೂ ನನ್ನನ್ನ ತಮಾಷೆ ಮಾಡ್ಕೊಂಡು ಇರ್ತಿದ್ರು. ಅಷ್ಟು ಸಾಕಾಗಿತ್ತು. ಈಗಲೂ ಬೇಡ ಅನ್ನಿ. ನಿಮ್ಮ ಮಾತು ಕೇಳ್ತಾರೆ."

ಒಂದು ಮಾತು ಸಾಕಾಗಿತ್ತು. ಕಾವಲಿನವರು ಹಗ್ಗ ಬಿಚ್ಚುತ್ತಿದ್ದರು. ಪೆಲಾಯ ದಿಣ್ಣೆಯ ಕಡೆ ನೋಡಿದ. ಗೇರಾನ ಮನೆಯ ಮಾಳಿಗೆಯಲ್ಲಿ ಒಣಗಿದ್ದ ಬಟ್ಟೆಗಳನ್ನು ಯಾರೋ ತೆಗೆಯುತ್ತಿದ್ದರು, ಒಂದೊಂದಾಗಿ, ಮಡಿಸಿ.

"ಹೊತ್ತಾಗುತ್ತೆ," ಎಂದ ಅವನು.

ಗೇರಾ ಬುಟ್ಟಿಯಲ್ಲಿ ಕೂತ. ಹೊಟ್ಟೆಗೆ ಬುಟ್ಟಿಯ ಅಂಚು ಒತ್ತುತ್ತಿತ್ತು. "ಮೆಲ್ಲಗೆ ಬಿಡ್ರೋ, ಎಣ್ಣೆ ಗಡಿಗೆ ಅಂದ್ಕೊಂಡು ಬಿಡ್ರಿ," ಎಂದ. ಯಾರೂ ನಗಲಿಲ್ಲ. ಅವನ ತಲೆ ಗೋಡೆಯ ಅಂಚಿನ ಕೆಳಗೆ ಮರೆಯಾಯಿತು. ಹಗ್ಗ ಕಲ್ಲಿಗೆ ಉಜ್ಜುವ ಸದ್ದು ಮಾತ್ರ ಉಳಿಯಿತು.

ಕೆಳಗೆ ಅವನು ಬುಟ್ಟಿಯಿಂದ ಕಷ್ಟಪಟ್ಟು ಎದ್ದ. ಬಟ್ಟೆ ಕೊಡವಿಕೊಂಡ. ಎರಡೂ ಕೈಗಳನ್ನು ಮೇಲೆತ್ತಿ, ಅಂಗೈ ಬಿಚ್ಚಿಕೊಂಡು, ತನ್ನ ಮನೆಯ ಕಡೆ ನಡೆಯತೊಡಗಿದ. ಅಂಜೂರದ ಮರಗಳ ನಡುವೆ ಹೋಗುವಾಗ ಒಮ್ಮೆ ಬಗ್ಗಿ, ನೆಲಕ್ಕೆ ಬಿದ್ದ ಹಣ್ಣೊಂದನ್ನು ನೋಡಿದ, ಎತ್ತಿಕೊಳ್ಳಲಿಲ್ಲ. ಬಾಣ ಬರಲಿಲ್ಲ. ಯಾರೂ ಕೂಗಲಿಲ್ಲ. ಮನೆಯ ಬಾಗಿಲಿನ ಮುಂದೆ ನಿಂತ.

ಒಳಗೆ ನುಗ್ಗಲಿಲ್ಲ. ನೆಂಟರ ಮನೆಗೆ ಬಂದವನ ಹಾಗೆ, ಕರೆಯಲಿ ಎಂದು ಕಾದ.

ಬಾಗಿಲು ತೆರೆಯಿತು. ಒಳಗಿನ ಬೆಳಕು ಅವನ ಮೇಲೆ ಬಿತ್ತು. ಬಾಗಿಲಲ್ಲಿ ನಿಂತವನು ಏನೋ ಕೇಳಿದ, ಗೇರಾ ಏನೋ ಹೇಳಿದ. ಅವನ ಕೈ ಮನೆಯ ಗೋಡೆಯನ್ನು ತೋರಿಸುತ್ತಿತ್ತು. ಇನ್ನಿಬ್ಬರು ಬಂದು ಅವನ ಹಿಂದೆ ನಿಂತರು. ಆಮೇಲೆ ಬಾಗಿಲು ಮುಚ್ಚಿತು. ಬೆಳಕು ಹೋದ ಮೇಲೆ ದಿಣ್ಣೆಯೆಲ್ಲ ಒಂದೇ ಬಣ್ಣವಾಗಿತ್ತು. ಗೇರಾ ಒಳಗಿದ್ದನೋ, ಹೊರಗೆ ಬಿದ್ದಿದ್ದನೋ, ಗೋಡೆಯ ಮೇಲಿದ್ದ ಯಾರಿಗೂ ಕಾಣಲಿಲ್ಲ.

"ಒಳಗೆ ಕರ್ಕೊಂಡ್ರು," ಎಂದ ಒಬ್ಬ.

"ಇಲ್ಲ, ಅಲ್ಲೇ ಏನೋ ಇದೆ ನೋಡು, ಬಾಗಿಲ ಹತ್ತಿರ."

"ಅದು ಗಡಿಗೆ ಕಣೋ."

ಕಾವಲಿನವನು ಬುಟ್ಟಿಯನ್ನು ಮೇಲೆಳೆಯತೊಡಗಿದ. ಆಗ ಗಾಳಿ ತಿರುಗಿತು.

ಮೊದಲನೆಯ ಕರೆ ದಂಡಿನ ಕಡೆಯಿಂದ ನಿಧಾನವಾಗಿ ಬಂತು. ಹೊಸ ಮನೆ. ಅದೇ ಶಿಲೋವಿನ ರಾಗ, ಗುರುಗಳು ಎಲ್ಲಿ ಉಸಿರು ಬಿಡಿಸುತ್ತಿದ್ದರೋ ಅಲ್ಲೇ ಉಸಿರು. ಅಷ್ಬೇಲ್ ಬೈಗುಳವೊಂದನ್ನು ಹಲ್ಲಿನ ನಡುವೆ ಕಚ್ಚಿ ಮೆಟ್ಟಿಲು ಇಳಿದು ಓಡಿದ. ಕೆಳಗೆ ಬೀದಿಗಳಲ್ಲಿ ಬಾಗಿಲುಗಳು ತೆರೆದವು. ಜನರ ಹೆಸರು ಹಿಡಿದು ಕೂಗುವುದು ಕೇಳಿಸಿತು.

ಎರಡನೆಯ ಕರೆ. ಬಿಡುವು. ಮೂರನೆಯದು. ಬಿಡುವು.

ಪೆಲಾಯ ಗೋಡೆಯ ಅಂಚಿಗೆ ಹೊಟ್ಟೆ ಒತ್ತಿ ಬಾಗಿದ. ನಾಲ್ಕನೆಯ ಕರೆ ಬಂದಾಗ ಲಿಬ್ನಿಯ ದನಿ ಓಟ ಕಿತ್ತಿತು. ಪದಗಳು ಒಂದರ ಕಾಲನ್ನೊಂದು ತುಳಿಯುತ್ತ, ಎಡವುತ್ತ, ಬಿಡುವಿಗೆ ಬಂದು ಬಿದ್ದವು.

ಬಿಡುವು ಉದ್ದವಾಗಿತ್ತು. ಅತ್ತ ಯಾರ ದನಿಯೂ ಏಳಲಿಲ್ಲ.

ಪೆಲಾಯನ ನಾಲಿಗೆಯ ತುದಿಗೆ ಉತ್ತರ ಬಂತು. ತಂದೆಯ ದನಿಯ ಹಿಂದೆಯೇ ಕತ್ತಲೆಯಲ್ಲಿ ತನ್ನ ದನಿ ಹೊರಡುತ್ತಿದ್ದ ಹಾಗೆ, ಒಂದೇ ಒಂದು ಸಣ್ಣ ಮಾತು. ಅವನು ಬಾಯಿ ತೆರೆದ.

"ಅಯ್ನೋರೇ," ಎಂದ ಕಾವಲಿನವನು. ಹಗ್ಗ ಅವನ ಕೈಯಲ್ಲಿ ಬಿಗಿಯಾಗಿತ್ತು. "ಇದನ್ನ ಮೇಲಕ್ಕೆ ಎಳೀಲಾ, ಕೆಳಕ್ಕೆ ಬಿಡ್ಲಾ?"

ಗೋಡೆಯ ನಡುಮಧ್ಯದಲ್ಲಿ ಖಾಲಿ ಬುಟ್ಟಿ ನೇತಾಡುತ್ತಿತ್ತು. ಗಾಳಿಗೆ ಒಮ್ಮೆ ಊರಿನ ಕಡೆ, ಒಮ್ಮೆ ದಂಡಿನ ಕಡೆ, ಬಾಯಿ ತೆರೆದುಕೊಂಡು ಮೆಲ್ಲಗೆ ತಿರುಗುತ್ತಿತ್ತು.