ಜಾರಿಹೋದ ದೃಷ್ಟಿ

ಒಂದು ಊರಿನ ಒಂದು ಬೀದಿಯಲ್ಲಿ ಯಾರಾದರೂ ಹೊಸ ಕಾರು ತಂದರೆ ಜನ ಅದರ ಮೊದಲ ಗೀರಿಗಾಗಿ ಕಾಯುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಹೊಸದರ ಮೇಲೆ ನಾಲ್ಕು ಜನರ ಕಣ್ಣು ಬೀಳುವುದು ಸಹಜ, ಬಿದ್ದ ಕಣ್ಣು ಎಲ್ಲಾದರೂ ತೀರಬೇಕು, ಒಂದು ಗೀರು ಬಿದ್ದರೆ ಅಲ್ಲಿಗೆ ಮುಗಿಯಿತು ಎಂದು ಅವರು ನಂಬಿದ್ದರು. ಗೀರು ಬಿದ್ದ ದಿನ ನೆರೆಯವರು ಬಂದು, ದೃಷ್ಟಿ ಹೋಯ್ತು ಬಿಡಿ ಎಂದು ಸಮಾಧಾನ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಅಂದಿನಿಂದ ಆ ಕಾರೂ ಬೀದಿಯದಾಗುತ್ತಿತ್ತು.

ಮರುಳಪ್ಪ ಈ ಬೀದಿಗೆ ಮನೆ ಕಟ್ಟಿಸಿಕೊಂಡು ಬಂದ ಹೊಸಬ. ಅವನು ಕಾರು ಕೊಂಡದ್ದು ಕೊನೆಯವರೆಗೂ ಇಟ್ಟುಕೊಳ್ಳಲು. ಮಾರುವ ಮಾತೇ ಇರಲಿಲ್ಲ. ಹಾಗಾಗಿ ಅದರ ಬಣ್ಣಕ್ಕೆ ಯಾವ ರಕ್ಷಣೆ ಒಳ್ಳೆಯದೆಂದು ವಿಚಾರಿಸಲು ಹೊರಟ. ಷೋರೂಮಿನವರು ಸೆರಾಮಿಕ್ ಕೋಟಿಂಗ್ ಮಾಡಿಸಿ, ಏನು ಬಿದ್ದರೂ ನಿಲ್ಲದೆ ಜಾರಿಹೋಗುತ್ತದೆ ಎಂದರು. ಕೋಟಿಂಗ್ ಅಂಗಡಿಯವನು, ಅದು ಹೊಳಪಿಗಷ್ಟೇ, ಗೀರು ತಡೆಯಲು ಬಣ್ಣದ ಮೇಲೆ ಪಾರದರ್ಶಕ ಫಿಲ್ಮ್ ಅಂಟಿಸಬೇಕು ಎಂದ. ಫಿಲ್ಮ್ ಅಂಟಿಸುವವನು, ಫಿಲ್ಮಿನ ಮೇಲೂ ಕೋಟಿಂಗ್ ಇದ್ದರೇ ಚೆನ್ನ ಎಂದ. ಮೇಣ ತಿಕ್ಕಿದರೆ ಸಾಕು ಎಂದು ಭಾವಮೈದುನ ನಕ್ಕ. ಕೇಳಿದಷ್ಟೂ ಮರುಳಪ್ಪನ ತಲೆ ಕೆಟ್ಟಿತು. ಕೊನೆಗೆ ಯಾವುದನ್ನು ಬಿಟ್ಟರೆ ಏನಾಗುತ್ತದೋ ಎಂದು ಹೆದರಿ ಎಲ್ಲವನ್ನೂ ಮಾಡಿಸಿದ.

ತಿಂಗಳುಗಳು ಉರುಳಿದವು. ಬೀದಿ ಕಾದೇ ಕಾದಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ.

ಈ ನಡುವೆ ಎದುರುಮನೆಯ ಶಾಂತವೀರಮ್ಮನ ಗ್ರೈಂಡರ್ ಸುಟ್ಟುಹೋಯಿತು. ಪಕ್ಕದ ಮನೆಯ ಹುಡುಗಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಮೂಲೆಮನೆಯ ಯಜಮಾನರು ಬಚ್ಚಲಲ್ಲಿ ಬಿದ್ದು ಸೊಂಟ ಉಳುಕಿಸಿಕೊಂಡರು. ಇಂಥವೆಲ್ಲ ಹಿಂದೆಯೂ ಆಗುತ್ತಿದ್ದವು. ಆದರೆ ಈಗ ಕಾರಣ ಕಣ್ಣೆದುರೇ ಫಳಫಳ ಹೊಳೆಯುತ್ತಾ ನಿಂತಿತ್ತು. ಬಿದ್ದ ದೃಷ್ಟಿ ಆ ಕಾರಿನ ಮೇಲೆ ನಿಲ್ಲದೆ ಜಾರಿ, ಅಕ್ಕಪಕ್ಕದವರ ಮೇಲೆ ಬೀಳುತ್ತಿದೆ ಎಂದು ಬೀದಿ ತೀರ್ಮಾನಿಸಿತು.

ಇದರ ಪೆಟ್ಟು ತಿಂದವಳು ಮರುಳಪ್ಪನ ಹೆಂಡತಿ ದಾಕ್ಷಾಯಣಿ. ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಅವಳು ಹೊಸ್ತಿಲಿಗೆ ಬಂದರೆ ಎದುರಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ದಿನವಿಡೀ ಮಾತಾಡಿದರೂ ದಣಿಯದ ಹೆಂಗಸು ಗೋಡೆ ನೋಡುತ್ತಾ ಕೂರುವಂತಾಯಿತು. ಒಂದು ಮಧ್ಯಾಹ್ನ ಅನ್ನ ಬಡಿಸುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು:

"ನಂಗೆ ಜನ ಬೇಕು ಕಣ್ರೀ. ಅದರ ಮೇಲೆ ಒಂದು ಗೀರು ಎಳೆದುಬಿಡಿ."

ಮರುಳಪ್ಪ ಎಲ್ಲರೂ ನೋಡುವಂತೆ ಹೊರಗೆ ನಿಂತು, ಕೀಲಿಕೈಯಿಂದ ಬಾನೆಟ್ಟಿನ ಮೇಲೆ ಉದ್ದಕ್ಕೆ ಗೀರಿದ. ಸಂಜೆ ಶಾಂತವೀರಮ್ಮ ದಾಕ್ಷಾಯಣಿಯನ್ನು ನೋಡಿ ಸ್ವಲ್ಪ ನಕ್ಕಳು. ಮರುದಿನ ಬಿಸಿಲೇರುವ ಹೊತ್ತಿಗೆ ಗೀರು ಮಾಯವಾಗಿತ್ತು. ಬಿಸಿಲು ತಾಗಿದರೆ ತಾನೇ ಕೂಡಿಕೊಳ್ಳುವ ಫಿಲ್ಮ್ ಅದು. ಇದ್ದುದರಲ್ಲಿ ಒಳ್ಳೆಯದನ್ನೇ ಹಾಕಿಸಿದ್ದ. ಬೀದಿ ಮೊದಲಿಗಿಂತ ಹೆಚ್ಚು ಹೆದರಿತು. ಕಾಪಾಡಿದ್ದು ತಪ್ಪೋ, ಗೀರಿದ್ದು ಸಾಲದೋ, ಮರುಳಪ್ಪನಿಗೆ ಒಂದೂ ತಿಳಿಯಲಿಲ್ಲ.

ಫಿಲ್ಮನ್ನೇ ಕಿತ್ತುಹಾಕೋಣ ಎಂದುಕೊಂಡು ಅದರ ಅಂಚಿಗೆ ಉಗುರು ಸಿಕ್ಕಿಸಿ ಜೋರಾಗಿ ಎಳೆದ. ಫಿಲ್ಮ್ ಬರಲಿಲ್ಲ. ಕೈ ಜಾರಿ ಅವನೇ ಉರುಳಿಬಿದ್ದ. ಗೇಟಿನ ಚಿಲಕ ತಾಗಿ ಹುಬ್ಬಿನ ಮೇಲೆ ಉದ್ದಕ್ಕೆ ಸೀಳಿತು.

ಎದುರಿನ ಬಾಗಿಲು ತೆರೆಯಿತು. ಆಮೇಲೆ ಪಕ್ಕದ್ದು, ಮೂಲೆಯದು. ಶಾಂತವೀರಮ್ಮ ಓಡಿಬಂದು ತನ್ನ ಸೆರಗಿನಿಂದಲೇ ರಕ್ತ ಒತ್ತಿಹಿಡಿದಳು. ಅವಳ ಮುಖದಲ್ಲಿ ನಿಜವಾದ ಅಕ್ಕರೆ ಇತ್ತು.

"ಹೋಯ್ತು ಬಿಡಪ್ಪ, ದೃಷ್ಟಿಯೆಲ್ಲ ಹೋಯ್ತು," ಎಂದಳು.

ಅಂದು ಮರುಳಪ್ಪನ ಮನೆಯಲ್ಲಿ ಕಾಫಿಗೆ ಹಾಲು ಸಾಲಲಿಲ್ಲ. ದಾಕ್ಷಾಯಣಿ ಗಂಡನ ಹಣೆ ನೋಡಿ ಅಳುತ್ತಾ, ಬಂದವರ ಜೊತೆ ನಗುತ್ತಾ ಲೋಟ ತುಂಬಿಸಿದಳು. ಮುಂದಿನ ಶುಕ್ರವಾರ ಅವಳಿಗೆ ಮೂರು ಮನೆಗಳಿಂದ ಕುಂಕುಮಕ್ಕೆ ಕರೆ ಬಂತು. ಬೀದಿಯಲ್ಲಿ ಎದುರಾದವರೆಲ್ಲ ಮರುಳಪ್ಪನ ಹಣೆಯನ್ನು ನೋಡಿಯೇ ಪ್ರೀತಿಯಿಂದ ಮಾತಾಡಿಸುತ್ತಿದ್ದರು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಒಂದು ಮುಲಾಮು ಬರೆದುಕೊಟ್ಟು, ಇದನ್ನು ಹಚ್ಚುತ್ತಾ ಬಂದರೆ ಕಲೆ ಪೂರ್ತಿ ಮಾಯವಾಗುತ್ತದೆ ಎಂದು ಧೈರ್ಯ ಹೇಳಿದರು. ಮರುಳಪ್ಪ ಚೀಟಿಯನ್ನು ಮೆಲ್ಲಗೆ ಅವರತ್ತಲೇ ಸರಿಸಿ ಕೇಳಿದ:

"ಕಲೆ ಹೋಗದ ಹಾಗೆ ಹಚ್ಚೋದು ಏನಾದ್ರೂ ಇದೆಯಾ ಸಾರ್? ಬಹಳ ವರ್ಷ ಬಾಳಿಕೆ ಬರಬೇಕು."