ನಿದ್ದೆ ಎಷ್ಟಾಯಿತು ಎಂದು ಕೇಳಿದರೆ

ಬೆಳಗಿನ ಮೊದಲ ಕೆಲಸ ಅತ್ತೆಯ ಅಂಗಿಗೆ ಗುಂಡಿ ಹಾಕುವುದು. ಐದು ಗುಂಡಿ. ಅತ್ತೆ ಮೂವತ್ತು ವರ್ಷ ಶರ್ಟುಗಳಿಗೆ ಕಾಜಾ ಹೊಲಿದು ಬದುಕಿದವರು. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಮುಷ್ಟಿ ಕಟ್ಟಿತು. ಇನ್ನೂ ಬಿಚ್ಚಿಲ್ಲ. ಸೊಸೆ ಎದುರು ಕೂತು ಗುಂಡಿ ಹಾಕುತ್ತಾಳೆ. ಅತ್ತೆ ಗೋಡೆ ನೋಡುತ್ತಾರೆ.

ಮನೆಯಲ್ಲಿ ಇಬ್ಬರೇ. ಅತ್ತೆಯ ಮಗ ತೀರಿಕೊಂಡು ಎರಡು ವರ್ಷವಾಯಿತು. ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಾಳೆ. ದಾರಿಯಲ್ಲಿ ಯಾರಾದರೂ "ಹೇಗಿದೀಯಮ್ಮ?" ಎಂದರೆ "ಚೆನ್ನಾಗಿದೀನಿ" ಎನ್ನುತ್ತಾಳೆ. ಮೊದಮೊದಲು ನಿಜ ಹೇಳಿ ನೋಡಿದ್ದಳು. ಕೇಳಿದವರು ಕಾಲು ಬದಲಿಸಿ ನಿಲ್ಲುತ್ತಿದ್ದರು. ಆಮೇಲೆ ಬಿಟ್ಟಳು.

ಅಂದು ಮೂರನೇ ಗುಂಡಿ ಹಾಕುವಾಗ ಸೊಸೆ ಹೇಳಿದಳು: "ಅತ್ತೆ, ನಾಡಿದ್ದು ನಿಮ್ಮ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗ್ತೀವಲ್ಲ, ನಾನೂ ಅಲ್ಲಿ ಒಂದು ಪರೀಕ್ಷೆಗೆ ಕೂರ್ತೀನಿ."

"ಯಾಕೆ? ನಿಂಗೇನಾಗಿದೆ?"

"ಏನೂ ಆಗಿಲ್ಲ. ಏನೂ ಆಗದೇ ಇರೋರೇ ಬೇಕಂತೆ."

"ಒಳ್ಳೆ ಕತೆ! ಹರಿಯದ ಬಟ್ಟೆಗೆ ಯಾರಾದ್ರೂ ತೇಪೆ ಹಾಕ್ತಾರಾ?"

ಬಾಗಿಲಲ್ಲಿ ಯಾರೋ ನಕ್ಕರು. ಮಹಡಿ ಮನೆಯ ಅಕ್ಕ. ಅದೇ ಆಸ್ಪತ್ರೆಯಲ್ಲಿ ಮೆದುಳಿನ ಪ್ರಯೋಗಾಲಯದ ಟೆಕ್ನಿಷಿಯನ್. ಪರೀಕ್ಷೆಯ ಕಾಗದ ಕೊಡಲು ಇಳಿದು ಬಂದಿದ್ದಳು.

"ದೊಡ್ಡಮ್ಮ, ಹರಿದ ಶರ್ಟನ್ನ ಸರಿ ಮಾಡೋಕೆ ಹರಿಯದ ಶರ್ಟು ಹೇಗಿರತ್ತೆ ಅಂತ ಗೊತ್ತಿರಬೇಕಲ್ವಾ?" ಅವಳು ಹೊಸ್ತಿಲ ಮೇಲೇ ಕೂತಳು. "ಕೈ ಆಡಿಸೋ ಜಾಗ ಮೆದುಳಲ್ಲಿದೆ. ಬಲಗೈಯದು ಎಡಗಡೆ, ಇಲ್ಲಿ, ಕಿವಿಯಿಂದ ಮೇಲೆ. ಚೆನ್ನಾಗಿರೋ ಕೈಗೆ ಆ ಜಾಗದಿಂದ ಅಪ್ಪಣೆ ಹೇಗೆ ಹೋಗತ್ತೆ ಅಂತ ಮೊದಲು ತಿಳ್ಕೋಬೇಕು. ಮುಷ್ಟಿ ಕಟ್ಟಿದ ಕೈ ಮಾತು ಆಮೇಲೆ."

"ತಿಳ್ಕೊಳ್ಳೋಕೆ ತಲೆ ಕೊಯ್ತೀರಾ?"

"ಸೂಜೀನೂ ಇಲ್ಲ. ಎರಡು ದೊಡ್ಡ ಬಳೆ ಪಕ್ಕಪಕ್ಕ ಇಟ್ಟ ಹಾಗೆ ಒಂದು ಸುರುಳಿ ಇರತ್ತೆ. ಅದನ್ನ ಕೂದಲ ಮೇಲೇ ಹಿಡೀತೀವಿ. ಟಕ್ ಅನ್ನತ್ತೆ. ಆಯಸ್ಕಾಂತದ ಶಕ್ತಿ ಒಂದು ಕ್ಷಣ ಒಳಗೆ ತಾಕತ್ತೆ, ಹೆಬ್ಬೆರಳು ತಾನಾಗೇ ಕುಣಿಯತ್ತೆ. ಅದನ್ನ ಅಳೀತೀವಿ. ಅಷ್ಟೇ."

ಅತ್ತೆ ಕೇಳಿದರು. "ತಲೆಯೊಳಗಿನ ಮಾತೆಲ್ಲ ಕಾಣತ್ತಾ?"

"ಇಲ್ಲಪ್ಪ."

"ಹಾಗಾದ್ರೆ ಸರಿ. ಇವಳು ನನ್ನ ಬಗ್ಗೆ ಏನಂದ್ಕೊಂಡಿದಾಳೋ ಅದು ಊರಿಗೆಲ್ಲ ಗೊತ್ತಾಗೋದು ಬೇಡ."

"ಒಳಗಿಟ್ಕೊಂಡಿದ್ರೆ ತಾನೆ ಕಾಣೋದು? ಎದುರಿಗೇ ಹೇಳ್ತೀನಲ್ಲ," ಎಂದಳು ಸೊಸೆ. ನಗಲಿಲ್ಲ.

ಅಕ್ಕ ಮುಚ್ಚಿಡಲಿಲ್ಲ. "ಕೆಲವರಿಗೆ ಆಮೇಲೆ ತಲೆನೋವು ಬರತ್ತೆ. ತೀರಾ ಅಪರೂಪಕ್ಕೆ ಫಿಟ್ಸ್ ಬಂದದ್ದೂ ಇದೆ. ಅದಕ್ಕೇ ಮೊದಲು ಪ್ರಶ್ನೆ ಕೇಳ್ತೀವಿ. ಕಾಗದ ಪೂರ್ತಿ ಓದು. ಬೇಡ ಅನ್ನಿಸಿದ್ರೆ ಬೇಡ."

ಸೊಸೆ ಕಾಗದ ಮಡಿಚಿ ಚೀಲಕ್ಕೆ ಹಾಕಿದಳು. ಬೇಡ ಎನ್ನುವ ಹಾಗಿಲ್ಲ ಎಂದು ಅವಳ ಲೆಕ್ಕ. ಹೋದ ಸಲ ವ್ಯಾಯಾಮದ ಕೋಣೆಯಲ್ಲಿ "ಇನ್ನೆರಡು ತಿಂಗಳು ನೋಡೋಣ" ಎಂದಿದ್ದರು. ಅದೇ ಕೋಣೆಯ ಬಾಗಿಲಿಗೆ 'ಆರೋಗ್ಯವಂತರು ಬೇಕು' ಎಂಬ ಚೀಟಿ ಅಂಟಿಸಿತ್ತು. ತಾನು ತಲೆ ಕೊಟ್ಟರೆ ಅವರು ಅತ್ತೆಯ ಕೈ ಬಿಡುವುದಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಕಾರ್ಖಾನೆಯಲ್ಲಿ ಹಾಗೇ ನಡೆಯುವುದು. ಸೂಪರ್‌ವೈಸರ್‌ಗೆ ಒಂದು ಭಾನುವಾರ ಕೊಟ್ಟರೆ ಅವನು ಒಂದು ದಿನ ಬೇಗ ಬಿಡುತ್ತಾನೆ. ಕೊಡದವರ ಮುಖವನ್ನೂ ನೋಡುವುದಿಲ್ಲ.

ಪರೀಕ್ಷೆಯ ಕೋಣೆ ಚಿಕ್ಕದು. ಕ್ಷೌರದ ಅಂಗಡಿಯಲ್ಲಿರುವಂಥ ತಲೆದಿಂಬಿನ ಕುರ್ಚಿ. ಸೊಸೆ ಅದರಲ್ಲಿ ಕೂತು ಪ್ರಶ್ನೆಗಳ ಹಾಳೆ ತುಂಬಿಸಿದಳು. ತಲೆಯಲ್ಲಿ ಲೋಹದ ಚೂರು ಇದೆಯೇ? ಇಲ್ಲ. ಎದೆಯಲ್ಲಿ ಪೇಸ್‌ಮೇಕರ್? ಇಲ್ಲ. ಎಂದಾದರೂ ಫಿಟ್ಸ್? ಇಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಇಲ್ಲ. ಗರ್ಭಿಣಿಯೇ? ಪೆನ್ನು ನಿಂತಿತು. ಇಲ್ಲ. ಕಳೆದ ರಾತ್ರಿ ಎಷ್ಟು ಗಂಟೆ ನಿದ್ದೆ? ಏಳು. ಈಗ ಹೇಗಿದ್ದೀರಿ? ಚೆನ್ನಾಗಿದ್ದೇನೆ.

ಅಕ್ಕ ಅವಳ ಹೆಬ್ಬೆರಳಿನ ಬುಡಕ್ಕೆ ತಂತಿಯಿರುವ ಅಂಟುಪಟ್ಟಿ ಹಚ್ಚಿದಳು. ಕಿವಿಗೆ ಇಡಲು ರಬ್ಬರಿನ ಬಿರಡೆ ಕೊಟ್ಟಳು. ಆಮೇಲೆ ಹಾಳೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದತೊಡಗಿದಳು. ಅದು ಅಲ್ಲಿನ ಕ್ರಮ. ಬರೆದದ್ದನ್ನು ಬಾಯಲ್ಲೂ ಕೇಳಬೇಕು.

"ನಿದ್ದೆ ಏಳು ಗಂಟೆ. ಸರಿನಾ?"

"ಸರಿ."

"ಏಳಾ?" ಬಾಗಿಲ ಬಳಿ ಗಾಲಿಕುರ್ಚಿಯಲ್ಲಿದ್ದ ಅತ್ತೆ ಕತ್ತು ಮುಂದೆ ಚಾಚಿದರು. "ಯಾವ ಮನೇಲಿ ಮಲಗಿದ್ದೆ ಕಣೇ?"

"ಅತ್ತೆ, ಸುಮ್ನಿರಿ."

"ಯಾಕೆ ಸುಮ್ನಿರ್ಲಿ? ನೋಡಮ್ಮ, ನನ್ನ ಕಾಲು ಸೆಟೆದುಕೊಳ್ಳತ್ತೆ. ನಾನು ಕರೆದಾಗೆಲ್ಲ ಎದ್ದು ತಿಕ್ಕಿದಾಳೆ. ಎರಡು ಗಂಟೆ ಮಲಗಿದ್ರೆ ಹೆಚ್ಚು. ನಿನ್ನೆ ಅಲ್ಲ, ಒಂದು ವಾರದಿಂದ ಇದೇ ಪಾಡು."

ಅಕ್ಕ ಸುರುಳಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಯಂತ್ರ ಆರಿಸಿದಳು. "ಇವತ್ತು ಆಗಲ್ಲ."

"ನಡೆಯತ್ತೆ ಅಕ್ಕ. ಇದಕ್ಕಿಂತ ಕಮ್ಮಿ ನಿದ್ದೆಲಿ ಐನೂರು ಕಾಲರ್ ಕೂರ್ಸಿದೀನಿ."

"ಕಾಲರ್‌ಗೆ ಫಿಟ್ಸ್ ಬರಲ್ಲ ಕಣೇ. ನಿದ್ದೆಗೆಟ್ಟ ತಲೆಗೆ ಬರಬಹುದು. ಬರಲಿಲ್ಲ ಅಂತಾನೇ ಇಟ್ಕೋ. ಸುಸ್ತಾದ ಮೆದುಳು ಕೊಡೋ ಉತ್ತರ ಬೇರೆ ಇರಬಹುದು. ನಾವು ಅದನ್ನೇ 'ಚೆನ್ನಾಗಿರೋರ ಕೈ ಹೀಗೆ' ಅಂತ ಬರ್ಕೋತೀವಿ. ನಾಳೆ ಅದೇ ಅಳತೆ ಹಿಡ್ಕೊಂಡು ಇನ್ಯಾರದೋ ಕೈ ನೋಡ್ತೀವಿ. ಅಳತೆಪಟ್ಟೀನೇ ಸುಳ್ಳಾದ್ರೆ ಅಂಗಿ ಯಾರ ಮೈಗೆ ಸರಿಹೋಗತ್ತೆ?"

ಸೊಸೆ ಕುರ್ಚಿಯಿಂದ ಏಳಲಿಲ್ಲ. ತಂತಿಯನ್ನೇ ನೋಡುತ್ತಾ ಕೇಳಿದಳು. "ನಾನು ಆಗಲ್ಲ ಅಂದ್ರೆ ಅತ್ತೆ ವ್ಯಾಯಾಮ ನಿಲ್ಲಿಸ್ತಾರಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ಮತ್ತೆ?"

"ಎಲ್ಲ ಕಡೆ ಹಾಗೇ ಅಲ್ವಾ ಅಕ್ಕ?"

ಅಕ್ಕ ಒಂದು ಸ್ಟೂಲು ಎಳೆದು ಕೂತಳು. "ಇಲ್ಲಿ ಹಾಗಿಲ್ಲ. ದೊಡ್ಡಮ್ಮನ ಚಿಕಿತ್ಸೆ ಬೇರೆ, ಇದು ಬೇರೆ. ಇದರಿಂದ ಅವರ ಕೈ ಬಿಚ್ಚಲ್ಲ, ನಿಂಗೂ ಏನೂ ಸಿಗಲ್ಲ. ಮುಂದೆ ಯಾರಿಗೋ ಸಹಾಯ ಆಗಬಹುದು, ಅಷ್ಟೇ. ನೀನು ಬೇಡ ಅಂದ್ರೂ, ಮಧ್ಯದಲ್ಲಿ ಎದ್ದು ಹೋದ್ರೂ, ಅವರ ವ್ಯಾಯಾಮ ನಡೆಯತ್ತೆ. ಕಾಗದದ ಎರಡನೇ ಪುಟದಲ್ಲೇ ಬರೆದಿದೆ. ಓದಿಲ್ವಾ?"

"ಸಹಿ ಎಲ್ಲಿ ಹಾಕಬೇಕು ಅಂತ ನೋಡ್ದೆ."

ಅತ್ತೆ ಎಡಗೈಯಿಂದ ಗಾಲಿ ತಳ್ಳಿಕೊಂಡು, ಅಡ್ಡಾದಿಡ್ಡಿ ಹೊರಳಿ ಹತ್ತಿರ ಬಂದರು. ಸೊಸೆಯ ಹೆಬ್ಬೆರಳಿನ ಅಂಟುಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತರು.

"ನನ್ನ ಕೈಗೆ ನಿನ್ನ ತಲೆ ಒತ್ತೆ ಇಡೋಕೆ ಬಂದಿದ್ಯಾ? ಹುಚ್ಚಿ. ನಡಿ, ಮಲಕೋ ನಡಿ."

ಆ ಮಧ್ಯಾಹ್ನ ಸೊಸೆ ಮಲಗಿದಳು. ಅತ್ತೆ ಕರೆಯಲಿಲ್ಲ. ಮುಂದಿನ ಸಲ ಅಕ್ಕನ ಮಾತಿನಂತೆ ವ್ಯಾಯಾಮದ ಕೋಣೆಯಲ್ಲಿ ಕಾಲಿನ ಸೆಟೆತದ ವಿಷಯವನ್ನೂ ಹೇಳಿದರು. ಅಲ್ಲಿಯವರೆಗೆ ಹೇಳಿಯೇ ಇರಲಿಲ್ಲ. 'ಹೇಗಿದೀರಿ?' ಎಂದರೆ ಅತ್ತೆಯೂ 'ಚೆನ್ನಾಗಿದೀನಿ' ಎನ್ನುವವರೇ. ವೈದ್ಯರು ಒಂದು ಮಾತ್ರೆ ಬರೆದುಕೊಟ್ಟರು. ಮಲಗುವ ಮೊದಲು ಕಾಲು ಎಳೆದು ಬಿಡುವ ಕ್ರಮ ತೋರಿಸಿದರು. ಸೆಟೆತ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು.

ಒಂದು ತಿಂಗಳಾದ ಮೇಲೆ ಸೊಸೆ ಎರಡನೇ ಪುಟ ಓದಿದಳು. ಅತ್ತೆಗೂ ಓದಿ ಹೇಳಿದಳು. ಆಮೇಲೆ ತಾನಾಗಿ ಹೋಗಿ ಅದೇ ಕುರ್ಚಿಯಲ್ಲಿ ಕೂತಳು. ನಿದ್ದೆ: ಆರೂವರೆ ಗಂಟೆ. ಅಕ್ಕ ಬಾಗಿಲ ಕಡೆ ನೋಡಿದಳು. ಅಲ್ಲಿದ್ದ ಅತ್ತೆ ಹೌದೆಂದು ತಲೆಯಾಡಿಸಿದರು.

ಟಕ್. ಏನೂ ಆಗಲಿಲ್ಲ. ಸುರುಳಿ ಒಂದು ಬೆರಳಷ್ಟು ಸರಿಯಿತು. ಟಕ್. ಸೊಸೆಯ ಹೆಬ್ಬೆರಳು ಒಮ್ಮೆ ನೆಗೆದು ಸುಮ್ಮನಾಯಿತು.

"ನೀನೇ ಆಡಿಸಿದ್ಯಾ?" ಅತ್ತೆ ಕೇಳಿದರು.

"ಇಲ್ಲ ಅತ್ತೆ. ಅದಾಗಿ ಅದೇ."

"ಹೇಳದೆ ಕೇಳದೆ ಹೊರಡೋದು. ಥೇಟ್ ನನ್ನ ಮಗನೇ."

ಎರಡು ವರ್ಷದಲ್ಲಿ ಅವರು ಮಗನ ಮಾತೆತ್ತಿದ್ದು ಅದೇ ಮೊದಲು. ಸೊಸೆಗೆ ನಗು ಬಂತು. ಅಕ್ಕ "ಅಲುಗಾಡಬೇಡ" ಎಂದಳು.

ಮುಗಿದ ಮೇಲೆ "ಹೇಗಿದೀಯ?" ಎಂದು ಅಕ್ಕ ಕೇಳಿದಳು. ಹಳೆಯ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಸೊಸೆ ಅದನ್ನು ನುಂಗಿದಳು. "ತಲೆ ಸ್ವಲ್ಪ ನೋಯ್ತಿದೆ." ಅಕ್ಕ ಬರೆದುಕೊಂಡಳು. ಅರ್ಧ ಗಂಟೆ ಕೂರಿಸಿಕೊಂಡು, ನೋವು ಇಳಿದ ಮೇಲೆ ಕಳಿಸಿದಳು.

ಮರುದಿನ ಬೆಳಿಗ್ಗೆ ಮತ್ತೆ ಐದು ಗುಂಡಿ. ಅತ್ತೆಯ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ಈ ಸಲ ಅವರು ಗೋಡೆ ನೋಡಲಿಲ್ಲ.

"ಹೇಗಿದೀಯೇ?"

"ಸುಸ್ತಾಗಿದೆ ಅತ್ತೆ."

"ಹ್ಞೂಂ. ನಂಗೂ."

ಆಮೇಲೆ ಉಳಿದ ಎರಡು ಗುಂಡಿ.

ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ, ಇಂಥ ಪರೀಕ್ಷೆಗೆ ನಾಳೆ ನಿಮ್ಮನ್ನೂ ಕರೆಯಬಹುದು. ಹೋಗಿ, ಅಥವಾ ಹೋಗಬೇಡಿ. ಎರಡೂ ನಿಮ್ಮ ಹಕ್ಕು. ಹೋಗುವುದಾದರೆ ಎಲ್ಲ ಪುಟಗಳನ್ನೂ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಫಿಟ್ಸ್, ತಲೆಯಲ್ಲಿರುವ ಲೋಹ, ತೆಗೆದುಕೊಳ್ಳುವ ಮಾತ್ರೆ, ಬಸಿರು, ಕೆಟ್ಟ ನಿದ್ದೆ, ಯಾವುದನ್ನೂ ಮುಚ್ಚಿಡಬೇಡಿ. ನಿಮ್ಮವರ ಚಿಕಿತ್ಸೆಗೂ ಇದಕ್ಕೂ ಗಂಟು ಹಾಕಿದ್ದಾರೆಯೇ ಎಂಬ ಅನುಮಾನವಿದ್ದರೆ ಬಾಯಿಬಿಟ್ಟು ಕೇಳಿ. ನಿದ್ದೆ ಎಷ್ಟಾಯಿತು ಎಂದು ಕೇಳಿದರೆ, ಎಷ್ಟಾಯಿತೋ ಅಷ್ಟೇ ಹೇಳಿ. ಸುಸ್ತಾಗಿದೆ ಎನ್ನುವುದು ತಪ್ಪಲ್ಲ.